ದಿನ ಬಿಟ್ಟು ದಿನ ಜಳಕ

ಡೊಂಬಿವಲಿ ಪೂರ್ವ,
೧೪ ಮೇ ೧೯೮೨, ಶುಕ್ರವಾರ ಮಧ್ಯಾಹ್ನ

ದಾನಮ್ಮನ ಅಪ್ಪನವರಿಗೆ ಕಾಶವ್ವ ಮಾಡುವ ನಮಸ್ಕಾರಗಳು.

ನಿಮ್ಮ ಮೇ ಮೂರರ ಪತ್ರ ಮೊನ್ನೆ ಬುಧವಾರ ಕೈಸೇರಿತು. ಹಿಮ್ಮಡಿ ಒಡೆದದ್ದು ಈಗ ಹೇಗಿದೆ? ಮಸ್ಕತ್ತಿನ ಬಿಸಿಲಿಗೆ ಬೂಟಿನೊಳಗೆ ಕಾಲು ಬೇಯುತ್ತದೆ ಎಂದು ಬರೆದಿದ್ದೀರಿ. ಮಲಗುವ ಮುಂಚೆ ಕಾಲು ತೊಳೆದು ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಸೋಮಾರಿತನ ಮಾಡಬೇಡಿ. ಆ ಕೆಮ್ಮು ಪೂರ್ತಿ ಹೋಯಿತೋ ಇಲ್ಲವೋ ಅದನ್ನು ಬರೆಯಲೇ ಇಲ್ಲ. ಕ್ಯಾಂಪಿನ ಅಡಿಗೆಯವನು ಮೂರು ಹೊತ್ತೂ ಅನ್ನವನ್ನೇ ಬಡಿಸುತ್ತಾನೆ, ಜೋಳದ ರೊಟ್ಟಿ ಕನಸಿನಲ್ಲಿ ಬರುತ್ತದೆ ಎಂದಿದ್ದೀರಿ. ಓದಿ ನಗು ಬಂತು. ಇಲ್ಲಿದ್ದಾಗ ರೊಟ್ಟಿ ದಪ್ಪವಾಯಿತೆಂದು ತಟ್ಟೆ ಸರಿಸಿ ಎದ್ದು ಹೋಗುತ್ತಿದ್ದವರಿಗೆ ಕನಸಿನ ರೊಟ್ಟಿ ಎಷ್ಟು ತೆಳ್ಳಗೆ ಬರುತ್ತದೋ ದೇವರಿಗೇ ಗೊತ್ತು. ಡಿಸೆಂಬರಿನಲ್ಲಿ ರಜೆಗೆ ಬನ್ನಿ, ಎದುರಿಗೆ ಕೂತು ರೊಟ್ಟಿ ಬಡಿದು ಹಾಕುತ್ತೇನೆ.

ದಾನಮ್ಮ ಐದನೆಯ ಇಯತ್ತೆ ಪಾಸಾದಳು. ಗಣಿತದಲ್ಲಿ ಮುಂದೆ, ಮಾತಿನಲ್ಲಿ ಇನ್ನೂ ಮುಂದೆ. ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಅಜ್ಜನ ಹತ್ತಿರ ಮಾತ್ರ ಹೇಗೋ ಕನ್ನಡ ಬರುತ್ತದೆ. ಗುಳಿಗೆ ಕಂಪನಿಯಲ್ಲಿ ನನ್ನ ಪ್ಯಾಕಿಂಗ್ ಕೆಲಸ ಹಾಗೇ ನಡೆದಿದೆ, ಎಂಟಕ್ಕೆ ಒಳಗೆ, ಐದಕ್ಕೆ ಹೊರಗೆ, ಶುಕ್ರವಾರ ರಜೆ. ಇಷ್ಟು ಬರೆದು ಎಂದಿನಂತೆ ಮಾವನವರು ಆರಾಮ ಎಂದು ಸೇರಿಸಿ ಅಂಟು ಹಚ್ಚಿಬಿಡಬಹುದಿತ್ತು. ಹಿಂದಿನ ನಾಲ್ಕು ಪತ್ರಗಳನ್ನು ಹಾಗೆಯೇ ಮುಗಿಸಿದೆ. ನೀವೂ ಪ್ರತಿ ಪತ್ರದ ಕೊನೆಗೆ ಅಪ್ಪನನ್ನು ಚೆನ್ನಾಗಿ ನೋಡಿಕೋ ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೀರಿ. ಆ ಗೆರೆ ಕಂಡಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಗೆರೆ ಎಳೆಯಲು ಪೆನ್ನು ಸಾಕು. ನೋಡಿಕೊಳ್ಳಲು ನೀರು ಬೇಕು, ಹೊತ್ತು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಈ ಮೂರರಲ್ಲಿ ಯಾವುದೂ ನನ್ನ ಮನೆಯಲ್ಲಿ ಉಳಿದಿಲ್ಲ.

ಆದರೆ ನಿಮ್ಮನ್ನು ಬೈಯಲು ಕೂತಿಲ್ಲ. ನಿಮಗೆ ಅಪ್ಪನ ಮೇಲಿರುವ ಅಕ್ಕರೆ ನಾನು ಕಣ್ಣಾರೆ ಕಂಡದ್ದು. ಹಿಂದಿನ ವರ್ಷದ ಹಿಂದಿನ ದೀಪಾವಳಿ ರಜೆ ಮುಗಿದ ಮೇಲೆ ನಾನು ತಮ್ಮನ ಮದುವೆಗೆಂದು ತವರೂರು ಇಂಡಿಗೆ ಹೋಗಿದ್ದೆ, ಶಾಲೆ ಇತ್ತೆಂದು ದಾನಮ್ಮನನ್ನು ನಿಮ್ಮ ಹತ್ತಿರ ಬಿಟ್ಟಿದ್ದೆ. ಎಂಟು ದಿನಕ್ಕೆ ತಿರುಗಿ ಬಂದಾಗ ಮಾವನವರ ಮೂಗಿನ ಮೇಲೆ ಹೊಸ ಕನ್ನಡಕ. ಸ್ಟೇಷನ್ನಿನ ಸೇತುವೆಯ ಮೇಲೆ ಗದ್ದಲದಲ್ಲಿ ಹಳೆಯದು ಬಿದ್ದು ಒಡೆಯಿತು, ಅದಕ್ಕೇ ರಜೆ ಹಾಕಿ ಕಲ್ಯಾಣಕ್ಕೆ ಕರೆದುಕೊಂಡು ಹೋಗಿ ಒಳ್ಳೆಯ ಡಾಕ್ಟರಿಗೆ ತೋರಿಸಿ ಮಾಡಿಸಿದೆ ಎಂದಿರಿ. ಇಂಥ ಮಗ ಎಷ್ಟು ಮಂದಿಗೆ ಇರುತ್ತಾನೆ ಎಂದು ಲೋಲಾಕ್ಷಿಯ ಮುಂದೆ ಹೇಳಿಕೊಂಡು ತಿರುಗಿದ್ದೆ. ಅದೇ ಲೋಲಾಕ್ಷಿ, ಪಕ್ಕದ ಖೋಲಿಯವಳು, ಉಡುಪಿ ಕಡೆಯವಳು, ಗಂಡ ಸ್ಟೇಷನ್ ಹತ್ತಿರದ ಹೊಟೇಲಿನಲ್ಲಿ ಗಲ್ಲೆ ಮೇಲೆ ಕೂರುತ್ತಾನಲ್ಲ, ಅವಳು. ಈ ಪತ್ರದಲ್ಲಿ ಅವಳು ಮತ್ತೆ ಬರುತ್ತಾಳೆ.

ಯುಗಾದಿಯಿಂದ ಈಚೆಗೆ ಇಲ್ಲಿ ನೀರಿನ ಗತಿ ಕೆಟ್ಟಿದೆ. ಬೆಳಗಿನ ಐದಕ್ಕೆ ಕೆಳಗಿನ ನಳಕ್ಕೆ ಬರುತ್ತದೆ, ಮುಕ್ಕಾಲು ಗಂಟೆಗೆ ನಿಂತುಹೋಗುತ್ತದೆ. ಹದಿನಾರು ಮನೆಗೆ ಅದೊಂದೇ ನಳ. ನಾಲ್ಕಕ್ಕೇ ಕೊಡ ಸಾಲಿಗಿಟ್ಟರೆ ಏಳು ಕೊಡ ಸಿಗುತ್ತವೆ, ತಡವಾದರೆ ಐದು. ಅದನ್ನೆಲ್ಲ ಎರಡು ಮಹಡಿ ಹತ್ತಿಸಿ, ಅಡಿಗೆ ಮುಗಿಸಿ, ಡಬ್ಬಿ ಕಟ್ಟಿಕೊಂಡು ಎಂಐಡಿಸಿಯ ಕಾರ್ಖಾನೆಗಳ ತನಕ ನಡೆದು ಎಂಟರ ಭೋಂಗಾ ಊದುವುದರೊಳಗೆ ಗೇಟು ಮುಟ್ಟಬೇಕು. ನಿಮ್ಮ ಅಪ್ಪನ ಜಳಕ ನಿಮಗೆ ನೆನಪಿದೆಯಲ್ಲ. ಎರಡು ಬಕೀಟು. ಹೆಗಲ ಮೇಲೆ ಒಂದೊಂದೇ ತಂಬಿಗೆ, ತಂಬಿಗೆಗೊಮ್ಮೆ ಶಿವನಾಮ, ಕೈ ನಡುಗಿ ಅರ್ಧ ನೀರು ಒಲೆಯ ಪಕ್ಕದ ಬಚ್ಚಲು ಮೋರಿಗೆ. ಮೂರು ಕೊಡ ನೀರು ನನ್ನ ಕಣ್ಣೆದುರಿಗೇ ಹರಿದು ಹೋಗುವುದನ್ನು ನೋಡುತ್ತ ನಾನು ರೊಟ್ಟಿ ತಟ್ಟಬೇಕಿತ್ತು. ಒಂದೊಂದು ತಂಬಿಗೆಯ ಸದ್ದಿಗೂ ನನ್ನ ಮೈ ಉರಿಯುತ್ತಿತ್ತು.

ಯುಗಾದಿಯಾಗಿ ಎಂಟು ದಿನಕ್ಕೆ ಅವರಿಗೆ ಹೇಳಿದೆ, ಮಳೆ ಬೀಳುವ ತನಕ ನಿಮ್ಮ ಜಳಕ ದಿನ ಬಿಟ್ಟು ದಿನ. ಜಗಳವಾಗುತ್ತದೆ ಎಂದು ಸೆರಗು ಕಟ್ಟಿಕೊಂಡೇ ನಿಂತಿದ್ದೆ. ಅವರು ತಲೆ ಎತ್ತಿ ನೋಡಿ, "ಆತವ್ವಾ" ಅಂದರು, ಅಷ್ಟೇ. ಅಷ್ಟು ಸಲೀಸಾಗಿ ಒಪ್ಪಿದ್ದು ಕಂಡು ನನಗೆ ಹೆಮ್ಮೆಯೇ ಆಯಿತು. ನಮ್ಮ ಕಂಪನಿಯ ಮುಕಾದಮಿಣಿ ಹೆಂಗಸರ ಮುಂದೆ ಗತ್ತು ಮಾಡುತ್ತಾಳಲ್ಲ, ಆ ಗತ್ತು ನನಗೂ ಬಂತು. ಮುದುಕರಿಗೆ ಸರಿಯಾಗಿ ಹೇಳಿದರೆ ಕೇಳುತ್ತಾರೆ, ನಾವೇ ಹೆದರುತ್ತೇವೆ ಎಂದು ಮಹಡಿಯ ಹೆಂಗಸರಿಗೆಲ್ಲ ಉಪದೇಶ ಮಾಡಿದೆ.

ಆಮೇಲಿನದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ನಾನು ಹೊರಡುವಾಗ ಅವರ ರೊಟ್ಟಿ ಪಲ್ಯ ಮುಚ್ಚಿಟ್ಟು ಹೋಗುತ್ತಿದ್ದೆ. ಸಂಜೆ ಬಂದು ನೋಡಿದರೆ ತಟ್ಟೆ ಖಾಲಿ, ಬಟ್ಟೆಯಿಂದ ಒರೆಸಿ ಬೋರಲು ಹಾಕಿರುತ್ತಿದ್ದರು. ಯಾಕೆ ತೊಳೆಯಲಿಲ್ಲ ಎಂದು ಅದಕ್ಕೂ ಒಂದು ದಿನ ಗದರಿದ್ದೆ. ನೀರು ಉಳಿಸಿದ್ದಕ್ಕೆ ಬೈಸಿಕೊಂಡರು. ನಾನು ಮನೆಯಲ್ಲಿರುವ ಶುಕ್ರವಾರವೂ ಆಮೇಲೆ ಉಣ್ಣುತ್ತೇನೆ ಎಂದು ತಟ್ಟೆ ಮುಚ್ಚಿಸಿ ಇಡುತ್ತಿದ್ದರು, ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅದು ಖಾಲಿಯಾಗಿರುತ್ತಿತ್ತು. ಕೆಲವು ರಾತ್ರಿ ಊಟಕ್ಕೆ ಕರೆದರೆ ಹೊಟ್ಟೆ ತುಂಬಿದೆ ಎಂದು ಗೋಡೆ ಕಡೆ ಹೊರಳಿ ಮಲಗುತ್ತಿದ್ದರು. ವಯಸ್ಸಾಯಿತು, ಹಸಿವು ಕಡಿಮೆಯಾಗಿದೆ ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಎರಡು ರೊಟ್ಟಿ ಕಡಿಮೆ ತಟ್ಟುವುದಾಯಿತಲ್ಲ ಎಂದು ಹಗುರವೆನಿಸಿತು. ಧೋತರ ಸೊಂಟದಲ್ಲಿ ನಿಲ್ಲುತ್ತಿಲ್ಲವೆಂದು ನಿಮ್ಮ ಹಳೆಯ ಬೆಲ್ಟು ಕೇಳಿದರು, ಕೊಟ್ಟೆ. ನೀವು ಕಳಿಸಿದ ಟೇಪ್ ರೆಕಾರ್ಡರಿನಲ್ಲಿ ಅವರ ಮಾತು ತುಂಬಿಸಿ ಕ್ಯಾಸೆಟ್ ಕಳಿಸಿದ್ದೆನಲ್ಲ, ಆರಾಮ ಅದೀನಿ, ನೀ ಆರಾಮ ಇರು ಅಂತ. ನೀವು ಉತ್ತರ ಬರೆದಿರಿ, ಅಪ್ಪನ ಧ್ವನಿ ಬಹಳ ಸಣ್ಣಗೆ ಕೇಳಿಸುತ್ತದೆ, ಸೆಲ್ಲು ಹಳೆಯದಾಗಿರಬೇಕು, ಬದಲಿಸು ಎಂದು. ನಾನು ಹೋಗಿ ಸೆಲ್ಲು ಬದಲಿಸಿದೆ. ಅಲ್ಲಿ ನೀವು, ಇಲ್ಲಿ ನಾನು, ಇಬ್ಬರೂ ಎಂಥ ಜಾಣರು ನೋಡಿ.

ಈ ಮೇ ನಾಲ್ಕು, ಮಂಗಳವಾರ, ಕೆಲಸದಿಂದ ಬಂದು ಮೆಟ್ಟಿಲು ಹತ್ತುವಾಗ ಲೋಲಾಕ್ಷಿ ಎದುರಾದಳು. ನಿಮ್ಮ ಮಾವ ಎಂಥ ಪುಣ್ಯವಂತರು ಮಾರಾಯ್ತಿ ಎಂದು ಹೊಗಳಲು ಶುರುಮಾಡಿದಳು. ಮಾರುತಿ ಗುಡಿಯ ಮೂಲೆಯಲ್ಲಿ ಹುಲ್ಲಿನ ಸಿವುಡು ಇಟ್ಟುಕೊಂಡು ಒಬ್ಬಳು ಆಕಳು ಕಟ್ಟಿ ಕೂರುತ್ತಾಳಲ್ಲ, ಬಂದವರು ಹುಲ್ಲು ಕೊಂಡು ತಿನ್ನಿಸಿ ಕೈ ಮುಗಿಯುತ್ತಾರಲ್ಲ, ಆ ಆಕಳಿಗೆ ಇವರು ಗೋಡೆ ಹಿಡಿದು ಹಿಡಿದು ಇಳಿದು ಹೋಗಿ ರೊಟ್ಟಿ ತಿನ್ನಿಸಿ ಬರುತ್ತಾರಂತೆ. "ದಿನಾ ಅಲ್ಲ, ದಿನ ಬಿಟ್ಟು ದಿನ. ಏನೋ ಹರಕೆ ಇರಬೇಕು" ಅಂದಳು. ಅವಳಿಗೆ ಅದು ಬರೀ ಮಾತು. ನಾನು ಮೆಟ್ಟಿಲ ಮೇಲೇ ನಿಂತು ಬೆರಳು ಮಡಚಿ ಜಳಕವಿಲ್ಲದ ದಿನಗಳನ್ನು ಎಣಿಸಿದೆ.

ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ನನಗೆ ನಾನೇ ಹೇಳಿಕೊಳ್ಳಬೇಕು. ಜಳಕವಿಲ್ಲದೆ ಲಿಂಗಪೂಜೆ ಇಲ್ಲ, ಪೂಜೆ ಇಲ್ಲದೆ ಬಾಯಿಗೆ ಒಂದು ಹನಿ ಚಹಾ ಕೂಡ ಇಲ್ಲ. ನಿಮ್ಮ ಅಜ್ಜಿ ಕಲಿಸಿದ್ದನ್ನು ಅವರು ಎಪ್ಪತ್ತಮೂರು ವರ್ಷಕ್ಕೂ ಬಿಟ್ಟಿಲ್ಲ. ಲಿಂಗಕಟ್ಟಿದ ಮನೆಯಲ್ಲೇ ಹುಟ್ಟಿದವಳು ನಾನು, ಇದು ನನಗೆ ಗೊತ್ತಿಲ್ಲದ ಪದ್ಧತಿಯೇ? ಆದರೆ ಈ ಊರಿಗೆ ಬಂದ ಮೇಲೆ ನಳದ ಹತ್ತಿರ ಮುಖ ತೊಳೆದು, ಹಣೆಗೆ ವಿಭೂತಿ ಎಳೆದು, ಲಿಂಗದ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಮುಗಿಸುವುದು ನನಗೆ ರೂಢಿಯಾಯಿತು. ನಿಮ್ಮದಂತೂ ಅಷ್ಟೂ ಇರಲಿಲ್ಲ. ನನ್ನ ಅಳತೆಯಲ್ಲೇ ಅವರನ್ನೂ ಅಳೆದೆ. ನಾನು ಕಡಿದದ್ದು ಜಳಕ ಎಂದುಕೊಂಡಿದ್ದೆ, ನಿಜವಾಗಿ ಕಡಿದದ್ದು ಊಟ. ಒಂದು ತಿಂಗಳು, ದಿನ ಬಿಟ್ಟು ದಿನ, ನಿಮ್ಮ ಅಪ್ಪ ನನ್ನ ಮನೆಯಲ್ಲಿ ಉಪವಾಸ ಬಿದ್ದಿದ್ದರು. ಬರಿಹೊಟ್ಟೆಯಲ್ಲಿ ಎರಡು ಮಹಡಿ ಇಳಿದು, ನಾನು ಮಾಡಿಟ್ಟ ರೊಟ್ಟಿಯನ್ನು ಕಸಕ್ಕೆ ಹಾಕಬಾರದೆಂದು ಆಕಳ ಬಾಯಿಗೆ ಇಟ್ಟು ಬರುತ್ತಿದ್ದರು.

ಇಷ್ಟು ತಿಳಿದ ಹೆಂಗಸು ಏನು ಮಾಡಬೇಕು? ಹೋಗಿ ಕಾಲು ಹಿಡಿದು ಅಳಬೇಕು. ನಾನು ಅಳಲಿಲ್ಲ. ನನಗೆ ಬಂದದ್ದು ಸಿಟ್ಟು, ತಲೆ ಸಿಡಿಯುವಂಥ ಸಿಟ್ಟು. ಸೊಸೆ ಉಪವಾಸ ಕೆಡವಿದಳು ಎಂದು ಊರಿಗೆಲ್ಲ ಸಾರಲು ಹೊರಟಿದ್ದಾರೆ, ನನ್ನ ಮುಖಕ್ಕೆ ಮಸಿ ಬಳಿಯಲು ಆಕಳಿನ ತನಕ ಹೋಗಿದ್ದಾರೆ ಎಂದು. ಒಳಗೆ ಹೋದೆ. ಅವರು ಎಂದಿನಂತೆ ಕಿಟಕಿ ಹತ್ತಿರ ಮಂಚದ ಮೇಲೆ ಕೂತು ಲೋಕಲ್ ಗಾಡಿಗಳ ಸದ್ದು ಕೇಳುತ್ತಿದ್ದರು. ದಾನಮ್ಮ ನೆಲದ ಮೇಲೆ ಕೂತು ಏನೋ ಬರೆಯುತ್ತಿದ್ದಳು. ಕೈಯಲ್ಲಿದ್ದ ಊಟದ ಡಬ್ಬಿ ಕೆಳಗಿಡದೆ ಕೂಗಾಡಿದೆ, ಯಾಕೆ ಬಾಯಿ ಬಿಟ್ಟು ಹೇಳಲಿಲ್ಲ, ನನ್ನನ್ನು ರಾಕ್ಷಸಿ ಮಾಡಬೇಕೆಂದಿದ್ದಿರಾ ಎಂದು. ಅವರು, "ನೀರ ನಿಂದವ್ವಾ, ನೇಮ ನಂದು. ನಿನಗ್ಯಾಕ ಹೇಳಿ ತ್ರಾಸ ಕೊಡ್ಲಿ" ಅಂದರು. ಆ ಶಾಂತ ಧ್ವನಿ ನನಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ನನ್ನ ಕೈ ಮೇಲೆದ್ದಿತು, ಸ್ಟೀಲಿನ ಡಬ್ಬಿ ಸಮೇತ.

ಅವರು ಕೈ ಅಡ್ಡ ಹಿಡಿಯಲಿಲ್ಲ. "ತಡಿಯವ್ವಾ, ಕನ್ನಡಕ ತಗೀತೀನಿ" ಅಂದರು. ಅಂದವರೇ ಕನ್ನಡಕ ತೆಗೆದು, ಕಡ್ಡಿ ಮಡಚಿ, ಬೆನ್ನ ಹಿಂದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ತಲೆ ತಗ್ಗಿಸಿ ಕೂತರು. ಕ್ಷೌರಕ್ಕೆ ಕೂತವರು ತಲೆ ಬಗ್ಗಿಸಿ ಕೊಡುತ್ತಾರಲ್ಲ, ಹಾಗೆ. ದಾನಮ್ಮ ಎದ್ದು ಹೋಗಿ ಸದ್ದಿಲ್ಲದೆ ಬಾಗಿಲು ಹಾಕಿ ಬಂದಳು. ನನ್ನ ಕೈ ಎಷ್ಟು ಹೊತ್ತು ಹಾಗೆ ನಿಂತಿತ್ತೋ ತಿಳಿಯದು. ಹೊಡೆಯಲಿಲ್ಲ. ನಿಮ್ಮಾಣೆ, ದಾನಮ್ಮನ ಆಣೆ, ಹೊಡೆಯಲಿಲ್ಲ. ಡಬ್ಬಿ ಕೆಳಗಿಟ್ಟು ಮೋರಿಯ ಹತ್ತಿರ ಹೋಗಿ ಕೂತೆ. ಅಲ್ಲಿ ಮರುದಿನದ ಅಡಿಗೆಗೆಂದು ಎರಡು ಕೊಡ ನೀರು ಮುಚ್ಚಿಟ್ಟಿದ್ದೆ. ಸ್ಟೋವ್ ಹಚ್ಚಿ ಎರಡನ್ನೂ ಕಾಯಿಸಿ ಅವರಿಗೆ ಜಳಕಕ್ಕೆ ಕೊಟ್ಟೆ. ಪೂಜೆ ಮುಗಿಸಿ ಎರಡು ರೊಟ್ಟಿ ಉಂಡರು. ಮೂರನೆಯದು ಹಾಕಲು ಹೋದರೆ ಹೊಟ್ಟೆ ಹಿಡಿಯುತ್ತಿಲ್ಲ ಎಂದರು.

ಕೈ ಇಳಿಯಿತಲ್ಲ, ಇನ್ನೇನು ಎಂದು ನೀವು ಅನ್ನಬಹುದು. ನನ್ನನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಯುಗಾದಿಗೆ ನೀರು ಕಡಿದೆ, ಏಪ್ರಿಲಿನಲ್ಲಿ ಗದರಲು ಕಲಿತೆ, ಮೇ ತಿಂಗಳಿಗೆ ಕೈ ಎತ್ತಿದೆ. ಮಳೆಗಾಲಕ್ಕೆ ಏನು ಮಾಡುತ್ತೇನೆ ಎಂದು ಊಹಿಸಲು ನನಗೆ ಪಂಚಾಂಗ ಬೇಕಾಗಿಲ್ಲ. ನಾನು ಕೆಟ್ಟವಳಲ್ಲ. ಆದರೆ ಬೆಳಗಿನ ನಾಲ್ಕರಿಂದ ನಿಂತ ಕಾಲಲ್ಲೇ ಇರುವವಳಿಗೆ ಸಂಜೆ ಐದೂವರೆಗೆ ಒಳ್ಳೆಯತನ ಉಳಿದಿರುವುದಿಲ್ಲ, ಆ ಹೊತ್ತಿಗೆ ಎದುರಿಗೆ ಸಿಗುವವರು ಅವರೊಬ್ಬರೇ. ಇದನ್ನು ಬಾಯಿ ಬಿಟ್ಟು ಯಾರಿಗಾದರೂ ಹೇಳಬೇಕು, ಇನ್ನೂ ಏನೂ ಆಗದಿರುವಾಗಲೇ ಹೇಳಬೇಕು ಎನಿಸಿತು.

ಅದಕ್ಕೇ ಮರು ಶುಕ್ರವಾರ ವರ್ತಕ ನಗರಕ್ಕೆ ಹೋದೆ, ನಿಮ್ಮ ಅಕ್ಕ ಮಹಾದೇವಕ್ಕನ ಮನೆಗೆ. ಠಾಣೆಯ ತನಕ ಲೋಕಲ್, ಮುಂದೆ ಬಸ್ಸು. ಅವರ ಕಾಲನಿಯಲ್ಲಿ ಎರಡು ಹೊತ್ತೂ ನೀರು. ನಾನು ಹೋದಾಗ ಅಕ್ಕ ಪೈಪು ಹಚ್ಚಿ ತುಳಸಿ ಗಿಡ ತೋಯಿಸುತ್ತಿದ್ದರು, ನೀರು ಅಂಗಳದ ತುಂಬ ಹರಿಯುತ್ತಿತ್ತು. ನಾನು ಏನನ್ನೂ ಮುಚ್ಚಿಡಲಿಲ್ಲ. ಉಪವಾಸದ್ದು, ಡಬ್ಬಿಯದು, ಕನ್ನಡಕದ್ದು, ಎಲ್ಲ ಹೇಳಿದೆ. ಮಳೆ ಹಿಡಿಯುವ ತನಕ ಅಪ್ಪನನ್ನು ನಿಮ್ಮಲ್ಲಿಟ್ಟುಕೊಳ್ಳಿ, ಆಮೇಲೂ ತಿಂಗಳಿಗೆ ಹತ್ತು ದಿನ ಇಟ್ಟುಕೊಳ್ಳಿ, ನನಗೆ ಉಸಿರಾಡಲು ಅಷ್ಟು ಸಾಕು ಎಂದು ಬೇಡಿಕೊಂಡೆ. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಚಹಾ ಮಾಡಿ ಕೊಟ್ಟರು, ಆಮೇಲೆ ಪದ್ಧತಿ ತೆಗೆದರು. ಮಗ ಇರುವಾಗ ತಂದೆ ಮಗಳ ಮನೆಯಲ್ಲಿ ಠಿಕಾಣಿ ಹೂಡಿದರೆ ಮಂದಿ ಏನಂದಾರು, ತಮ್ಮನ ಮಾನ ಏನಾದೀತು, ಮನೆಯ ಯಜಮಾನರು ಏನಂದಾರು. ಎಲ್ಲರ ಮಾನದ ವಿಚಾರವೂ ಆಯಿತು, ಅಪ್ಪನ ಹೊಟ್ಟೆಯ ವಿಚಾರ ಆಗಲಿಲ್ಲ.

ಕೊನೆಗೆ ಬಾಗಿಲ ತನಕ ಬಂದು ನನ್ನ ಕೈ ಹಿಡಿದು ಸಮಾಧಾನ ಹೇಳಿದರು. "ನೀ ಏನ ಹೊಡದಿಲ್ಲಲ್ಲ, ಮತ್ತ್ಯಾಕಷ್ಟ ಮನಸಿಗೆ ಹಚ್ಚಿಕೊಂತಿ? ಹಂಗೇನರ ಹೊಡತ ಬಡತ ಆದ್ರ ಆವಾಗ ಹೇಳಿ ಕಳಸು, ನಾನ ಬಂದು ಕರಕೊಂಡು ಹೋಗ್ತೀನಿ. ಆವಾಗ ಯಾರೂ ಏನೂ ಅನ್ನಂಗಿಲ್ಲ" ಅಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಮ್ಮ ಅಪ್ಪ ಮೂವತ್ತೊಂದು ವರ್ಷ ಹೋಟಗಿಯ ಕಡೆ ರೈಲ್ವೆ ಹಳಿಯ ಮೇಲೆ ಸುತ್ತಿಗೆ ಹಿಡಿದು ನಡೆದವರು. ದಿನಾ ಬೆಳಿಗ್ಗೆ ಸಡಿಲಾದ ಕೀಲು ಹುಡುಕಿ ಬಡಿದು ಕೂರಿಸುವುದೇ ಅವರ ಕೆಲಸ. ಅಪ್ಪ ಕೀಲು ಬಡಿದದ್ದು ಗಾಡಿ ಬಿದ್ದ ಮೇಲಾ ಅಕ್ಕಾ ಎಂದು ಕೇಳಿದೆ. ಅವರಿಗೆ ಸಿಟ್ಟು ಬಂತು, ಬಾಗಿಲು ಹಾಕಿಕೊಂಡರು. ಹೀಗಿದೆ ನಮ್ಮ ಬಳಗ. ಹೊಡೆಯುವ ಮೊದಲು ಬಂದರೆ ಚಹಾ, ಹೊಡೆದ ಮೇಲೆ ಬಂದರೆ ಸಹಾಯ.

ಆದ್ದರಿಂದ ನನ್ನ ಕೈಲಾದದ್ದನ್ನು ನಾನೇ ಮಾಡಿಕೊಂಡಿದ್ದೇನೆ. ಈಗ ಮೊದಲ ಮೂರು ಕೊಡ ಅವರ ಜಳಕಕ್ಕೆ, ದಿನಾ. ದಿನ ಬಿಟ್ಟು ದಿನ ಈಗ ನನ್ನ ಜಳಕ. ಮೈ ನಾರುತ್ತದೆ, ನಾರಲಿ, ಕಂಪನಿಯಲ್ಲಿ ಔಷಧಿಯ ವಾಸನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಲೋಲಾಕ್ಷಿಗೆ ಎಲ್ಲ ಹೇಳಿದೆ. ಅವಳು ಮೊದಲು ಮುಖ ಗಂಟು ಹಾಕಿಕೊಂಡಳು, ಆಮೇಲೆ ತನ್ನ ಅತ್ತೆಯ ವಿಷಯದಲ್ಲಿ ತಾನು ಮಾಡಿದ್ದೊಂದನ್ನು ಹೇಳಿದಳು. ಅದು ಅವಳ ಗುಟ್ಟು, ಇಲ್ಲಿ ಬರೆಯುವುದಿಲ್ಲ. ನಾನು ಬರುವ ಹೊತ್ತಿಗೆ ಸರಿಯಾಗಿ ಮಲ್ಲಿಗೆ ಕಟ್ಟುವ ನೆಪದಲ್ಲಿ ನಮ್ಮ ಬಾಗಿಲಲ್ಲಿ ಬಂದು ಕೂರುತ್ತಾಳೆ, ನಾನು ಮುಖ ತೊಳೆದು ಚಹಾ ಕುಡಿದು ಮನುಷ್ಯಳಾಗುವ ತನಕ ಏಳುವುದಿಲ್ಲ. ದಾನಮ್ಮನಿಗೂ ಹೇಳಿಕೊಟ್ಟೆ, ಅಜ್ಜನ ಮೇಲೆ ನನ್ನ ಧ್ವನಿ ಏರಿದರೆ ಬಾಗಿಲು ಹಾಕಬೇಡ, ತೆಗೆ, ಓಡಿ ಹೋಗಿ ಲೋಲಾಕ್ಷಿ ಮಾವಶಿಯನ್ನು ಕರೆ ಎಂದು. ಹೆತ್ತ ತಾಯಿಯ ಮೇಲೆ ಕಣ್ಣಿಡುವ ಪಾಠವನ್ನು ಹತ್ತು ವರ್ಷದ ಮಗಳಿಗೆ ಹೇಳಿಕೊಡುವ ದಿನ ನನಗೆ ಬರುತ್ತದೆ ಎಂದುಕೊಂಡಿರಲಿಲ್ಲ. ಅವಳು ಎಲ್ಲ ಕೇಳಿಸಿಕೊಂಡು, "ಆಣಿ ಬಾಬಾ ಓರಡಲೆ ತರ?" ಅಂದಳು. ಅಪ್ಪ ಕೂಗಾಡಿದರೆ ಆಗಲೂ ಕರೆಯಬೇಕಾ ಅಂತ. ಹುಚ್ಚಿ, ಅಪ್ಪ ಮಸ್ಕತ್ತಿನಿಂದ ಕೂಗಿದರೆ ಇಲ್ಲಿಗೆ ಕೇಳಿಸುತ್ತದೆಯೇ ಎಂದು ತಲೆ ಮೇಲೆ ಮೊಟಕಿದೆ.

ಇದು ಬಹಳ ದಿನ ನಡೆಯುವ ವ್ಯವಸ್ಥೆಯಲ್ಲ ಎಂದು ನನಗೆ ಗೊತ್ತು. ಲೋಲಾಕ್ಷಿ ಊರಿಗೆ ಹೋದರೆ, ನಳ ಕೈಕೊಟ್ಟರೆ, ನನ್ನ ಪಾಳಿ ಬದಲಾದರೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಅದಕ್ಕೇ ನಿಮ್ಮಲ್ಲಿ ಒಂದು ಬೇಡಿಕೆ. ಅಕ್ಕನಿಗೆ ತಮ್ಮನ ಮಾತೆಂದರೆ ವೇದ. ಮಾವನವರೂ ಮಗ ಬರೆದರೆ ಮಾತ್ರ ಮಗಳ ಮನೆಗೆ ಹೆಜ್ಜೆ ಹಾಕುತ್ತಾರೆ, ನಾನು ಹೇಳಿದರೆ ಹೊರಗೆ ಹಾಕಿದಳು ಎಂದುಕೊಳ್ಳುತ್ತಾರೆ. ಇಬ್ಬರಿಗೂ ನಾಲ್ಕು ಸಾಲು ಬರೆಯಿರಿ. ಪದ್ಧತಿ ಮುರಿಯಲು ನನ್ನ ಅಪ್ಪಣೆ ಇದೆ ಎಂದು ನಿಮ್ಮ ಕೈಯಾರೆ ಬರೆಯಿರಿ. ಕೆಳಗೆ ಬೇಕಾದರೆ ಮೂರು ಗೆರೆ ಎಳೆಯಿರಿ, ಈ ಸಲ ನನಗೆ ಉರಿಯುವುದಿಲ್ಲ. ನಿಮ್ಮ ಅಪ್ಪನನ್ನು ನಿಮ್ಮಷ್ಟು ಅಕ್ಕರೆಯಿಂದ ನೋಡಿಕೊಳ್ಳಲು ನನ್ನಿಂದಾಗಲಿಲ್ಲ. ಅವರ ಮೇಲೆ ಕೈ ಎತ್ತಿದವಳು ಈ ಮನೆಯಲ್ಲಿ ನಾನೊಬ್ಬಳೇ, ಅದಕ್ಕೆ ನಿಮ್ಮ ಕಾಲು ಹಿಡಿದು ಕ್ಷಮೆ ಕೇಳುತ್ತೇನೆ. ಏನು ಬೈದು ಬರೆದರೂ ತಲೆ ತಗ್ಗಿಸಿ ಓದಿಕೊಳ್ಳುತ್ತೇನೆ.

ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟದೆ ತಿರುಗಬೇಡಿ. ಹಿಮ್ಮಡಿಯ ಬಗ್ಗೆ ಮರೆಯದೆ ಬರೆಯಿರಿ. ದಾನಮ್ಮ ನಿಮಗೆ ಮುತ್ತು ಕಳಿಸಿದ್ದಾಳೆ, ಅದನ್ನು ಮರಾಠಿಯಲ್ಲಿ ಕಳಿಸಿದ್ದಾಳೋ ಕನ್ನಡದಲ್ಲೋ ನೀವೇ ನೋಡಿಕೊಳ್ಳಿ. ಶಿವ ನಿಮ್ಮನ್ನು ಆರಾಮ ಇಟ್ಟಿರಲಿ.

ಇಂತಿ ನಿಮ್ಮ ಮನೆಯಾಕೆ,
ಕಾಶವ್ವ

ತಾ.ಕ.: ಅಂಟು ಹಚ್ಚುವ ಮುಂಚೆ ಮಾವನವರು ಮಧ್ಯಾಹ್ನದ ನಿದ್ದೆಯಿಂದ ಎದ್ದರು. ಮಗನಿಗೆ ನಿಮ್ಮದೆರಡು ಸಾಲು ಸೇರಿಸಲೇ ಎಂದು ಎಂದಿನಂತೆ ಕೇಳಿದೆ. ಆರಾಮ ಅದೀನಿ ಅಂತ ಬರಿ ಎಂದರು. ಕನ್ನಡಕ ಹುಡುಕಿ ಕೈಗೆ ಕೊಡುವಾಗ ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ, ಅವತ್ತು ಅಷ್ಟು ಬೇಗ ಕನ್ನಡಕ ತೆಗೆಯಲು ಹೇಗೆ ಹೊಳೆಯಿತು ಎಂದು. "ಮೊದಲ್ನೇ ಸಲ ತಗೀಲಿಲ್ಲವ್ವಾ, ಒಡೀತು" ಅಂದರು. ಅಂದ ಮೇಲೆ ಗಾಬರಿಯಾಗಿ, "ಅಂವಗ ಬರೀಬ್ಯಾಡ, ದೂರ ಇದ್ದಾನ" ಅಂದರು. ದಾನಮ್ಮನನ್ನು ಕೂರಿಸಿ ಕೇಳಿದೆ. ನಾನು ಇಂಡಿಯಲ್ಲಿ ಮದುವೆ ಊಟ ಮಾಡುತ್ತಿದ್ದಾಗ ಇಲ್ಲಿ ಏನಾಯಿತು, ನೀವು ಎಷ್ಟು ಸಲ ಹೊಡೆದಿರಿ, ಬಾಗಿಲು ಹಾಕಿ ಬಾ ಎಂದು ಅವಳಿಗೆ ಹೇಗೆ ಹೇಳಿದಿರಿ, ಎಲ್ಲವನ್ನೂ ಹೇಳಿದಳು. ಯಾಕೆ ಹೊಡೆದಿರಿ ಎಂದು ನಾನು ಕೇಳುವುದಿಲ್ಲ, ಕಾರಣ ನನ್ನ ಹತ್ತಿರವೂ ಇತ್ತು. ಪತ್ರ ಹರಿದು ಹೊಸದು ಬರೆಯೋಣ ಎನಿಸಿತು, ಬೇಡ. ಮೇಲೆ ಹಾಕಿದ ನಮಸ್ಕಾರ ಇರಲಿ, ಕ್ಷಮೆ ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿಮ್ಮ ಅಪ್ಪಣೆಯೂ ಇನ್ನು ಬೇಕಾಗಿಲ್ಲ. ಡಿಸೆಂಬರಿನಲ್ಲಿ ನೀವು ಬಂದಾಗ ಕಿಟಕಿ ಹತ್ತಿರದ ಮಂಚ ಖಾಲಿ ಇರುತ್ತದೆ. ನಾಳೆ ರಜೆ ಹಾಕಿ ವರ್ತಕ ನಗರಕ್ಕೆ ಹೋಗುತ್ತೇನೆ. ಹೊಡೆತ ಬಡಿತ ಆದರೆ ಹೇಳಿ ಕಳಿಸು, ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದರಲ್ಲ ಅಕ್ಕ. ಆಗಿ ಒಂದೂವರೆ ವರ್ಷವಾಯಿತು, ಬನ್ನಿ ಎನ್ನುತ್ತೇನೆ.